ನಷ್ಟಕ್ಕೆ ಇನ್ನೊಂದು ಪದ

ಕಾರಿನಲ್ಲಿ ಬಂದು ಪದ ಕೇಳಿದವರನ್ನು ನಾನು ನೋಡಿದ್ದು ಅದೇ ಮೊದಲು.

ನಮ್ಮ ರಾಜಾಜಿನಗರದ ಬೀದಿಗೆ ಕಾರು ಬರುವುದೇ ಅಪರೂಪ. ಬಂದರೆ ಒಂದೋ ಡಾಕ್ಟರು, ಇಲ್ಲವೇ ದಾರಿ ತಪ್ಪಿದವರು. (ಎಲ್ಲಾ ರಸ್ತೆಯೂ ಒಂದೇ ಥರ ಕೆಂಪು, ಎಲ್ಲಾ ಮನೆಯೂ ಒಂದೇ ಥರ ಬಿಳಿ. ತಪ್ಪದೆ ಇನ್ನೇನು?) ಅಕ್ಟೋಬರಿನ ಒಂದು ಸಂಜೆ ನಾನು ಸ್ಕೂಲಿನಿಂದ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ, ಕಪ್ಪು ಕಾರೊಂದು ಗೇಟಿನ ಮುಂದೆ ನಿಂತಿತು. ಇಳಿದವರು ವರದರಾಜು. ಇಂಡಸ್ಟ್ರಿಯಲ್ ಸಬರ್ಬಿನಲ್ಲಿ ಉಕ್ಕಿನ ಬೀರು ಮಾಡುವ ಕಾರ್ಖಾನೆಯ ಮ್ಯಾನೇಜಿಂಗ್ ಡೈರೆಕ್ಟರು.

ಕಾಫಿ ಬೇಡ ಅಂದರು. ಕುರ್ಚಿಯ ತುದಿಯಲ್ಲಿ ಕೂತರು.

"ಮೇಡಂ, ಒಂದು ಪದ ಬೇಕಿತ್ತು."

"ಯಾವ ಪದ?"

"ನಷ್ಟ ಅನ್ನೋದಕ್ಕೆ ಕನ್ನಡದಲ್ಲಿ ಬೇರೆ ಏನಾದ್ರೂ ಇದ್ಯಾ? ಸ್ವಲ್ಪ ಮೆತ್ತಗಿನದು."

ನಾನು ಕನ್ನಡ ಪಾಠ ಹೇಳುವವಳು. ಪದ ಕೇಳಿದರೆ ಹಿಗ್ಗುವ ಜಾತಿ. ಯಾಕೆ, ಏನು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಆ ಒಂದು ಮಾತು ಕೇಳದೇ ಇದ್ದದ್ದರ ಕಥೆಯನ್ನೇ ಈ ವಾರ ನಿಮಗೆ ಹೇಳಬೇಕಾಗಿದೆ.

ಮೊದಲು ಆ ಬೀರುಗಳ ವಿಷಯ. ಸೀರೆ, ಒಡವೆ ಇಡುವ ಬೀರು ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ಆಫೀಸುಗಳಲ್ಲಿ ಈಗ ಲೆಡ್ಜರಿನ ಜಾಗಕ್ಕೆ ಕಾರ್ಡು ಬಂದಿದೆ. ಪೋಸ್ಟ್‌ಕಾರ್ಡಿಗಿಂತ ಉದ್ದ, ಮೈತುಂಬ ತೂತು. ಯಾರ ವಯಸ್ಸೆಷ್ಟು, ಸಂಬಳವೆಷ್ಟು, ಯಾರು ಯಾವ ತಿಂಗಳ ಕಂತು ಕಟ್ಟಿಲ್ಲ, ಎಲ್ಲವೂ ಆ ತೂತುಗಳಲ್ಲೇ ಇದೆಯಂತೆ. ಮಷೀನು ಅದನ್ನು ಓದುತ್ತದಂತೆ. (ನಮ್ಮ ಹುಡುಗರು ಬೋರ್ಡಿನ ಮೇಲಿನ ದಪ್ಪ ಅಕ್ಷರ ಓದಿದರೆ ನನಗೆ ಸಾಕು.) ಒಂದೊಂದು ಆಫೀಸಿನಲ್ಲಿ ಇಂಥ ಕಾರ್ಡು ಲಕ್ಷಗಟ್ಟಲೆ. ಒಂದು ಕಾರ್ಡು ಬಾಗಿದರೂ, ಚೂರು ತೇವ ಹಿಡಿದರೂ ಮಷೀನು ಬೇಡ ಅನ್ನುತ್ತದೆ. ಹಾಗಾಗಿ ಅವುಗಳನ್ನು ಇಡಲು ಅಳತೆಯ ಡ್ರಾಯರುಗಳಿರುವ, ಗಾಳಿ ನುಗ್ಗದ ಬೀರು ಬೇಕು. ನಮ್ಮ ಕಾರ್ಖಾನೆ ಮಾಡುವುದು ಅದನ್ನು.

ನಮ್ಮ ಕಾರ್ಖಾನೆ ಅಂದೆನಲ್ಲ, ಅದಕ್ಕೂ ಕಾರಣವಿದೆ. ಅದರಲ್ಲಿ ನನ್ನ ಹೆಸರಿನಲ್ಲಿ ಹತ್ತು ಷೇರು ಇವೆ. ನಮ್ಮ ಯಜಮಾನರು ರೈಲ್ವೆ ಆಫೀಸಿನ ಗುಮಾಸ್ತರು. ಒಂದು ವರ್ಷದ ಬೋನಸ್ಸಿನಲ್ಲಿ ತೆಗೆದುಕೊಟ್ಟದ್ದು. ಬೀದಿಯಲ್ಲಿ ಇನ್ನೂ ನಾಲ್ಕೈದು ಮನೆಯವರದು ಇದೆ. ಬಡಾವಣೆಗೆ ಜಮೀನು ಹೋದ ಸುತ್ತಲಿನ ಹಳ್ಳಿಯವರಲ್ಲಿ ಕೆಲವರು ಪರಿಹಾರದ ದುಡ್ಡಿನಲ್ಲಿ ಒಂದು ಪಾಲು ಅಲ್ಲೇ ಹಾಕಿದ್ದಾರೆ. ಹೊಲ ಹೋಯಿತು, ಅದರ ಮೇಲೆ ಎದ್ದ ಕಾರ್ಖಾನೆಯಲ್ಲಾದರೂ ಒಂದು ಮೂಲೆ ನಮ್ಮದಿರಲಿ ಅನ್ನುವ ಆಸೆ ಇರಬಹುದು.

ಆ ಕಾರ್ಖಾನೆಯ ಅಕೌಂಟೆಂಟು ಚನ್ನಬಸವಯ್ಯ. ಐವತ್ತು ದಾಟಿದ ಮನುಷ್ಯ. ಬಿಳಿ ಪಂಚೆ, ಕರಿ ಕೋಟು, ಎಡಗಾಲಿನ ಪೆಡಲು ಕಿರ್ ಅನ್ನುವ ಸೈಕಲ್ಲು. ಮಾತು ಕಡಿಮೆ. ಇವರಿಗೆ ಒಂದು ಅಭ್ಯಾಸ. ಮೂರು ತಿಂಗಳಿಗೊಮ್ಮೆ ಕಾರ್ಖಾನೆಯ ಲೆಕ್ಕವನ್ನು ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ ಬರೆದು, ಸೈಕ್ಲೋಸ್ಟೈಲಿನಲ್ಲಿ ನಕಲು ತೆಗೆಸಿ, ಪ್ರತಿ ಷೇರುದಾರರಿಗೂ ಅಂಚೆಯಲ್ಲಿ ಕಳಿಸುತ್ತಾರೆ. ಒಂದು ಪ್ರತಿಯನ್ನು ಗೇಟಿನ ಪಕ್ಕದ ಬೋರ್ಡಿಗೂ ಅಂಟಿಸುತ್ತಾರೆ.

ಕಾನೂನು ಇದನ್ನು ಕೇಳುವುದಿಲ್ಲ. ವರ್ಷಕ್ಕೊಂದು ಸಲ ಲೆಕ್ಕ ಒಪ್ಪಿಸಿದರೆ ಸಾಕು. ಬೇರೆ ಕಂಪನಿಗಳು ಮಾಡುವುದೂ ಅಷ್ಟೇ. ಅದೂ ಇಂಗ್ಲಿಷಿನಲ್ಲಿ, ಇರುವೆಯಂಥ ಅಕ್ಷರದಲ್ಲಿ.

ಚನ್ನಬಸವಯ್ಯನವರ ಹಾಳೆಯ ತಲೆಯಲ್ಲಿ ಯಾವಾಗಲೂ ಒಂದೇ ಸಾಲು ಇರುತ್ತದೆ: "ಇದು ಪೂರ್ತಿ ಲೆಕ್ಕವಲ್ಲ. ಆಡಿಟರು ನೋಡಿಲ್ಲ. ಇಲ್ಲಿಯ ತನಕ ನಮಗೆ ಕಂಡಿದ್ದು ಇಷ್ಟು." ಆಮೇಲೆ ಈ ಮೂರು ತಿಂಗಳಲ್ಲಿ ಎಷ್ಟು ಬೀರು ಮಾಡಿದೆವು, ಎಷ್ಟು ಮಾರಿದೆವು, ಎಷ್ಟು ಅರ್ಧಕ್ಕೆ ನಿಂತಿವೆ, ಯಾರು ದುಡ್ಡು ಕೊಟ್ಟಿಲ್ಲ. ಪಕ್ಕದಲ್ಲೇ ಹೋದ ವರ್ಷದ ಇದೇ ಮೂರು ತಿಂಗಳ ಲೆಕ್ಕ.

"ಹಿಂದಿನ ಮೂರು ತಿಂಗಳ ಜೊತೆ ಯಾಕೆ ಹೋಲಿಸಲ್ಲ?" ಅಂತ ಒಮ್ಮೆ ಕೇಳಿದ್ದೆ.

"ಮಾರ್ಚ್ ಬಂದ್ರೆ ಆಫೀಸುಗಳಿಗೆ ಬಜೆಟ್ ಖರ್ಚು ಮಾಡೋ ಅವಸರ ಮೇಡಂ. ಆರ್ಡರ್ ಮೇಲೆ ಆರ್ಡರ್. ಏಪ್ರಿಲ್‌ನಲ್ಲಿ ನೊಣ ಹೊಡೀತೀವಿ. ಅವೆರಡನ್ನೂ ಪಕ್ಕಪಕ್ಕ ಇಟ್ರೆ ಓದೋರು ಸುಮ್ನೆ ಹೆದರ್ತಾರೆ, ಇಲ್ಲಾ ಸುಮ್ನೆ ಹಿಗ್ತಾರೆ. ಎರಡೂ ಬೇಡ."

ಆ ಹಾಳೆಯ ಕನ್ನಡ ತಿದ್ದಿಕೊಡುವುದು ನನ್ನ ಕೆಲಸ. ಸಂಬಳವಿಲ್ಲ. ಒತ್ತು, ದೀರ್ಘ ನೋಡಿ ಕೊಟ್ಟರೆ ಕೈಮುಗಿದು ಹೋಗುತ್ತಿದ್ದರು. ಅದು ವರದರಾಜು ಅವರಿಗೂ ಗೊತ್ತಿತ್ತು. ಆ ಸಲ ಚನ್ನಬಸವಯ್ಯನವರಿಗಿಂತ ಮೊದಲೇ ಅವರು ಬಂದಿದ್ದರು, ಅಷ್ಟೇ.

"ಹೊಸ ಷೇರು ಬಿಡ್ತಾ ಇದೀವಿ ಮೇಡಂ. ದೊಡ್ಡ ಮಷೀನು ತರಬೇಕು. ಈ ಟೈಮಲ್ಲಿ 'ನಷ್ಟ' ಅಂತ ಕಂಡ್ರೆ ಜನ ಬೆದರ್ತಾರೆ. ಇರೋದು ಸಣ್ಣ ತೊಂದ್ರೆ. ಮಾರ್ಚ್ ಹೊತ್ತಿಗೆ ಎಲ್ಲಾ ಸರಿಹೋಗುತ್ತೆ. ಸುಳ್ಳು ಬರೀರಿ ಅಂತ ನಾನು ಹೇಳ್ತಾ ಇಲ್ಲ. ಸ್ವಲ್ಪ ನಯವಾಗಿ," ಅಂದರು ವರದರಾಜು.

ಪೆನ್ನು ತೆಗೆದೆ. ಎರಡು ನಿಮಿಷ ಯೋಚಿಸಿದೆ. ಬರೆದೆ:

"ಅಲ್ಪಕಾಲಿಕ ಹಿನ್ನಡೆಯ ನಡುವೆಯೂ ಸಂಸ್ಥೆಯು ಉಜ್ವಲ ಭವಿಷ್ಯದತ್ತ ದೃಢವಾದ ಹೆಜ್ಜೆಗಳನ್ನಿಡುತ್ತಿದೆ."

ಓದಿ ನೋಡಿ, ಚೆನ್ನಾಗಿಲ್ಲವೇ? ನನಗೂ ಹಾಗೇ ಅನ್ನಿಸಿತು. ವರದರಾಜು ಎರಡು ಸಲ ಓದಿ, "ಇದಪ್ಪಾ ಕನ್ನಡ!" ಅಂದರು. ಮಾರನೇ ದಿನ ಡ್ರೈವರ್ ಕೈಯಲ್ಲಿ ಒಂದು ಬುಟ್ಟಿ ಸೇಬು ಕಳಿಸಿದರು. ನಾವು ತಿಂದೆವು. ಸಿಹಿಯಾಗಿದ್ದವು. (ಸುಳ್ಳು ಯಾಕೆ ಹೇಳಲಿ?)

ಭಾನುವಾರ ಬೆಳಿಗ್ಗೆ ಸೈಕಲ್ ಪೆಡಲಿನ ಸದ್ದು ಕೇಳಿತು. ಚನ್ನಬಸವಯ್ಯ ಒಳಗೆ ಬಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಅವರ ದುಂಡಗಿನ ಅಕ್ಷರದ ನಡುವೆ ನನ್ನ ವಾಕ್ಯ ಟೈಪಾಗಿ ಅಂಟಿಕೊಂಡಿತ್ತು.

"ಮೇಡಂ, ಇದು ನೀವು ಬರೆದದ್ದಂತೆ."

"ಹೌದು. ಯಾಕೆ, ತಪ್ಪಿದ್ಯಾ?"

"ವ್ಯಾಕರಣ ಸರಿ ಇದೆ," ಅಂದರು. ಹಾಳೆ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡರು. "ನನ್ ಜೊತೆ ಮೂಡಲಪಾಳ್ಯದ ತನಕ ಬರ್ತೀರಾ? ಒಬ್ಬರಿಗೆ ಇದನ್ನ ಓದಿ ಹೇಳಬೇಕು. ಅವರಿಗೆ ಓದೋಕೆ ಬರಲ್ಲ. ಪ್ರತಿ ಸಲ ನಾನೇ ಹೋಗಿ ಓದ್ತೀನಿ. ಈ ಸಲ ನೀವಿದ್ರೆ ಒಳ್ಳೇದು."

ನಡೆದೇ ಹೋದೆವು. ಅವರು ಸೈಕಲ್ ತಳ್ಳಿಕೊಂಡು, ನಾನು ಛತ್ರಿ ಹಿಡಿದುಕೊಂಡು. ಮಾಗಡಿ ರಸ್ತೆ ದಾಟಿ, ರಾಗಿ ಹೊಲದ ಬದುವಿಗೆ ಇಳಿದ ಮೇಲೆ ಅವರಾಗಿಯೇ ವಿಷಯ ತೆಗೆದರು. ಆ ಸಣ್ಣ ತೊಂದರೆ ಏನು ಅಂತ ನನಗೆ ಗೊತ್ತಾದದ್ದು ಆವಾಗಲೇ.

ಮಳೆಗಾಲಕ್ಕೆ ಮುಂಚೆ ಕಡಲತೀರದ ಒಂದು ಊರಿನ ದೊಡ್ಡ ಆಫೀಸಿಗೆ ಅರವತ್ತು ಬೀರು ಕಳಿಸಬೇಕಿತ್ತು. ಬೀರಿಗೆ ಬಣ್ಣ ಹೊಡೆದ ಮೇಲೆ ಒಲೆಯಂಥ ಬಿಸಿ ಕೋಣೆಯಲ್ಲಿಟ್ಟು ಕಾಯಿಸಬೇಕು. ಆಗಲೇ ಬಣ್ಣ ಉಕ್ಕಿಗೆ ಕಚ್ಚಿಕೊಳ್ಳುವುದು. ಇರುವುದು ಒಂದೇ ಸಣ್ಣ ಕೋಣೆ. ತಾರೀಕು ಹತ್ತಿರ ಬಂತು. "ಬಿಸಿಲಿಗಿಟ್ಟು ಒಣಗಿಸಿ ಕಳಿಸಿ" ಅಂತ ವರದರಾಜು ಅವರೇ ಹೇಳಿದರು. ಅವತ್ತು ಮೋಡವಿತ್ತು. ಆದರೂ ಕಳಿಸಿದರು. ಅಲ್ಲಿ ಸಮುದ್ರದ ಗಾಳಿ, ಮೇಲೆ ಮಳೆ. ಎರಡು ತಿಂಗಳಿಗೆ ಡ್ರಾಯರುಗಳ ಒಳಗೆ ಬಣ್ಣ ಎದ್ದು ತುಕ್ಕು ಹಿಡಿದು, ಕಾರ್ಡುಗಳು ಒದ್ದೆ ಹಪ್ಪಳದ ಹಾಗೆ ಮೆತ್ತಗಾದವು. ಆ ಆಫೀಸಿನವರು ಅರವತ್ತನ್ನೂ ವಾಪಸ್ ಕಳಿಸಿದರು.

"ಜೂನ್ ಲೆಕ್ಕದಲ್ಲಿ ಆ ಅರವತ್ತನ್ನೂ ಮಾರಾಟ ಅಂತ ತೋರ್ಸಿದ್ದೆ," ಅಂದರು ಚನ್ನಬಸವಯ್ಯ. "ಈಗ ಅದನ್ನ ತೆಗೀಬೇಕು. ತೆಗೆದ್ರೆ ಮೂರು ತಿಂಗಳ ಲಾಭ ಪೂರ್ತಿ ಹೋಗಿ, ಮೇಲೆ ಕೈಯಿಂದ ಕಟ್ಟೋ ಹಾಗಾಗುತ್ತೆ. ಎಂ.ಡಿ. ಸಾಹೇಬ್ರು ಹೇಳೋದು, ಬೀರು ಗೋಡೌನಲ್ಲೇ ಇದೆಯಲ್ಲ, ಪೂರ್ತಿ ಬೆಲೆಗೆ ಸ್ಟಾಕಿಗೆ ಹಾಕಿ, ಮಾರ್ಚ್ ಒಳಗೆ ರಿಪೇರಿ ಮಾಡಿ ಮಾರೋಣ ಅಂತ. ತುಕ್ಕು ಹಿಡಿದ ಬೀರನ್ನ ಹೊಸ ಬೀರಿನ ಬೆಲೆಗೆ ಹೇಗೆ ಬರೀಲಿ ಮೇಡಂ?"

 

ಹಾಳೆ ಓದಿ ಹೇಳಬೇಕಾಗಿದ್ದದ್ದು ಮುನಿತಾಯಮ್ಮನಿಗೆ, ಅವಳ ಮನೆ ಊರಿನ ತುದಿಗೆ. ಅರವತ್ತೈದು ಇರಬಹುದು. ಗಟ್ಟಿ ಹೆಂಗಸು. ನಾವು ಹೋದಾಗ ಜಗಲಿಯ ಮೇಲೆ ಅವರೆಕಾಯಿ ಬೀಜದ ಮಡಕೆಗೆ ಬೂದಿ ಬೆರೆಸುತ್ತಾ ಕೂತಿದ್ದಳು. ಎರಡು ಎಕರೆ ಬಡಾವಣೆಗೆ ಹೋಗಿ ಉಳಿದಿರುವುದು ಅರ್ಧ ಎಕರೆ. ಪರಿಹಾರದ ದುಡ್ಡಿನಲ್ಲಿ ಅರ್ಧ ಕಾರ್ಖಾನೆಯಲ್ಲಿದೆ, ಅರ್ಧ ಪೋಸ್ಟಾಫೀಸಿನಲ್ಲಿದೆ. ಆ ಉಳಿದ ಅರ್ಧ ಎಕರೆಗೆ ಬಾವಿ ತೋಡಿಸಿ ತರಕಾರಿ ಬೆಳೆಯಬೇಕು ಅನ್ನುವುದು ಅವಳ ಲೆಕ್ಕಾಚಾರ.

ನನಗೆ ಮಣೆ ಹಾಕಿದಳು. ಮಜ್ಜಿಗೆ ತಂದಳು. ಚನ್ನಬಸವಯ್ಯ ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು. ನನ್ನ ವಾಕ್ಯ ಬಂತು. ಅದನ್ನು ಅವರು ನಿಧಾನವಾಗಿ, ಒಂದೊಂದೇ ಪದವಾಗಿ, ಯಾವ ಕೊಂಕೂ ಇಲ್ಲದೆ ಓದಿದರು.

ಮುನಿತಾಯಮ್ಮನ ಮುಖ ಅರಳಿತು.

"ದುಡ ಎಜ್ಜೆ ಅಂತೆ! ಅಂಗಾರೆ ಸಂದಾಗಿ ನಡೀತಾ ಐತೆ ಅನ್ನಪ್ಪಾ. ಒಸಾ ಷೇರು ಬುಡ್ತಾವ್ರಂತಲ್ಲ, ನಮ್ಮೂರಲ್ಲೂ ಯೋಳ್ತಿದ್ರು. ಬಾವಿ ಮುಂದಿನ್ ವರ್ಸ ನೋಡ್ಕೊಂಡ್ರಾಯ್ತು. ಪೋಸ್ಟಾಪೀಸಿನ ದುಡ್ಡೂ ಅಲ್ಲಿಗೇ ಆಕ್ಬುಡ್ತೀನಿ."

ಚನ್ನಬಸವಯ್ಯ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವರು ಬರೀ ನೋಡಿದರು.

ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ನನ್ನ ಒಂದು ವಾಕ್ಯ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಮುನಿತಾಯಮ್ಮಾ," ಅಂದೆ. "ಅದು ನಾನು ಬರೆದದ್ದು. ಅದರ ಅರ್ಥ ಹಾಗಲ್ಲ. ಕಾರ್ಖಾನೆಗೆ ನಷ್ಟ ಆಗಿದೆ. ಅರವತ್ತು ಬೀರು ಕೆಟ್ಟು ವಾಪಸ್ ಬಂದಿವೆ."

ಅವಳ ಕೈ ಬೂದಿಯಲ್ಲೇ ನಿಂತಿತು. ನನ್ನನ್ನು ನೋಡಿದಳು. ಹಾಳೆಯನ್ನು ನೋಡಿದಳು.

"ಅಂಗಂತ ಯಾಕವ್ವಾ ಬರೀನಿಲ್ಲ? ಅಕ್ಸರ ಕಮ್ಮಿ ಆಯ್ತಿತ್ತಲ್ಲ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಬರೆದು ಕಳಿಸಿ.

ವಾಪಸ್ ಬರುವಾಗ ನಾನೇ ಕೇಳಿದೆ. "ನೀವು ಇದನ್ನ ಯಾಕೆ ಶುರು ಮಾಡಿದ್ರಿ ಚನ್ನಬಸವಯ್ಯನವರೇ? ಯಾರೂ ಕೇಳದ ಲೆಕ್ಕ, ಮೂರು ತಿಂಗಳಿಗೊಮ್ಮೆ?"

ಅವರು ಸೈಕಲ್ಲನ್ನು ಹೊಲದ ಬದುವಿಗೆ ಇಳಿಸಿದರು. ಆಮೇಲೆ ಹೇಳಿದರು.

"ಮೊದಲು ನಾನು ಒಂದು ಎಣ್ಣೆ ಮಿಲ್ಲಿನಲ್ಲಿದ್ದೆ. ಬೇರೆ ಊರು. ಅಲ್ಲಿ ವರ್ಷಕ್ಕೊಂದೇ ಲೆಕ್ಕ. ಒಂದು ವರ್ಷ ಮೊದಲನೇ ತಿಂಗಳಿಂದಲೇ ಮಿಲ್ಲು ಕುಸೀತಾ ಬಂತು. ಪುಸ್ತಕ ಬರೀತಾ ಇದ್ದವನು ನಾನೇ. ನನಗೆ ಗೊತ್ತಿತ್ತು. ಅದೇ ವರ್ಷ ನಮ್ಮ ಮಾವ ಎತ್ತು ಮಾರಿ ಅದರ ಷೇರು ತಗೊಂಡ್ರು. ನಮ್ಮ ಅಳಿಯ ಅಲ್ಲೇ ಇದಾನಲ್ಲ, ಏನಾದ್ರೂ ಇದ್ರೆ ಹೇಳ್ತಾನೆ ಅಂತ ಧೈರ್ಯ ಅವರಿಗೆ."

"ನೀವು ಹೇಳ್ಲಿಲ್ವಾ?"

"ವರ್ಷದ ಲೆಕ್ಕ ಆಗಬೇಕು, ಆಡಿಟರು ಸಹಿ ಹಾಕಬೇಕು, ಆಮೇಲೆ ತಾನೇ ಗೊತ್ತಾಗಬೇಕು ಅಂತ ನಿಯಮ. ನಿಯಮ ಮೀರಲಿಲ್ಲ ಮೇಡಂ. ಹನ್ನೊಂದು ತಿಂಗಳು ನಿಯಮದ ಪ್ರಕಾರ ಸುಮ್ನಿದ್ದೆ. ಲೆಕ್ಕ ಓದಿದ ದಿನವೇ ಮಿಲ್ಲು ಮುಚ್ತು. ಮಾವ ನನಗೆ ಒಂದು ಮಾತೂ ಅನ್ಲಿಲ್ಲ. ಅವರು ಇರೋ ತನಕ ನಮ್ಮನೇಲಿ ಊಟ ಮಾತ್ರ ಮಾಡ್ಲಿಲ್ಲ."



ಸೋಮವಾರ ಸ್ಕೂಲು ಬಿಟ್ಟ ಕೂಡಲೇ ಕಾರ್ಖಾನೆಗೆ ಹೋದೆ. ಎಂ.ಡಿ. ಕೋಣೆಯಲ್ಲಿ ವರದರಾಜು ಇದ್ದರು. ಎದುರಿಗೆ ಚನ್ನಬಸವಯ್ಯ ನಿಂತಿದ್ದರು. ನಾನು ನನ್ನ ವಾಕ್ಯವನ್ನು ವಾಪಸ್ ಕೇಳಿದೆ.

"ವಾಪಸ್ ಅಂದ್ರೆ?"

"ಅದನ್ನ ತೆಗೆದುಬಿಡಿ. ನಷ್ಟ ಅಂತಲೇ ಹಾಕಿ. ಕನ್ನಡದಲ್ಲಿ ಅದಕ್ಕಿಂತ ಸರಿಯಾದ ಪದ ಇಲ್ಲ."

ಅವರಿಗೆ ಸಿಟ್ಟು ಬಂತು. ಬರದೇ ಇರುತ್ತದೆಯೇ? "ನೋಡಿ ಮೇಡಂ, ನೀವು ಪಾಠ ಹೇಳೋರು. ಬಿಸಿನೆಸ್ ಬೇರೆ. ಇಲ್ಲಿ ಎಂಬತ್ತು ಜನ ಕೆಲಸ ಮಾಡ್ತಾರೆ. ಷೇರು ಹೋಗ್ಲಿಲ್ಲ ಅಂದ್ರೆ ಬಣ್ಣ ಕಾಯಿಸೋ ಮಷೀನು ಬರಲ್ಲ. ಮಷೀನು ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಇದೇ ಗತಿ. ಐದು ತಿಂಗಳು ತಡ್ಕೊಳ್ಳಿ ಅಂತ ತಾನೇ ಕೇಳ್ತಾ ಇರೋದು?"

ಮಾತು ತೆಗೆದುಹಾಕುವಂಥದ್ದಲ್ಲ. ಎಂಬತ್ತು ಮನೆಯ ಒಲೆ ಅಂದರೆ ಸುಮ್ಮನೆಯೇ?

ಚನ್ನಬಸವಯ್ಯ ಮೆತ್ತಗೆ ಹೇಳಿದರು. "ಆ ಐದು ತಿಂಗಳಲ್ಲೇ ಸಾರ್ ಅವರು ದುಡ್ಡು ಹಾಕೋದು. ಮಾರ್ಚ್ ಆದ ಮೇಲೆ ನಿಜ ಹೇಳಿದ್ರೆ ಅವರಿಗೆ ಏನು ಉಪಯೋಗ?"

"ನಷ್ಟ ಅಂತ ನಾನು ಬರೆಯಲ್ಲ ಅಂದ್ರೆ?"

"ನಿಮಗೆ ಬೇಕಾದ ಹಾಗೆ ಬರೀರಿ ಸಾರ್, ಕಂಪನಿ ನಿಮ್ಮದು. ನನ್ನ ಸಹಿ ಇರಲ್ಲ, ಅಷ್ಟೇ."

"ತಪ್ಪು ನನ್ನದು ಅಂತ ಊರಿಗೆಲ್ಲ ತಮಟೆ ಹೊಡೀಬೇಕಾ ಚನ್ನಬಸವಯ್ಯ?"

"ತಮಟೆ ಬೇಡ ಸಾರ್. ಒಂದು ಸಾಲು ಸಾಕು."

ವರದರಾಜು ಕುರ್ಚಿ ಹಿಂದೆ ತಳ್ಳಿ ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು. ಗೋಡೌನಿನ ಮುಂದೆ ಆ ಅರವತ್ತು ಬೀರುಗಳು ಸಾಲಾಗಿ ನಿಂತಿದ್ದವು. ಬಾಗಿಲು ತೆರೆದುಕೊಂಡು, ಒಳಗಿನ ತುಕ್ಕು ಕಾಣಿಸಿಕೊಂಡು. ಅವರು ಒಂದೊಂದರ ಮುಂದೆಯೂ ನಿಲ್ಲುತ್ತಾ ನಡೆದರು. ಯಾವುದೋ ಒಂದರ ಡ್ರಾಯರು ಎಳೆದರು. ಬರಲಿಲ್ಲ. ಇನ್ನೂ ಜೋರಾಗಿ ಎಳೆದರು. ಬರಲೇ ಇಲ್ಲ.

ಹದಿನೈದು ನಿಮಿಷ ಬಿಟ್ಟು ಬಂದರು. ಕೂರಲಿಲ್ಲ. ಚನ್ನಬಸವಯ್ಯನವರ ಕೈಯಿಂದ ಹಾಳೆ ತೆಗೆದುಕೊಂಡು ನನ್ನ ವಾಕ್ಯವನ್ನು ಅಡ್ಡ ಗೀಟು ಹಾಕಿ ಹೊಡೆದರು. ಅದರ ಕೆಳಗೆ ಬರೆದರು. ಅವರ ಕನ್ನಡ ಅಷ್ಟಕ್ಕಷ್ಟೇ, ಎರಡು ಕಡೆ ಒತ್ತಕ್ಷರ ತಪ್ಪಿತ್ತು:

"ಅವಸರ ಮಾಡಿ ಬಣ್ಣ ಸರಿಯಾಗಿ ಕಾಯಿಸದೆ ಕಳಿಸಿದ್ದಕ್ಕೆ ಅರವತ್ತು ಬೀರು ವಾಪಸ್ ಬಂದಿವೆ. ಈ ಮೂರು ತಿಂಗಳು ನಷ್ಟ. ಹಾಗೆ ಕಳಿಸಲು ಹೇಳಿದವನು ನಾನು."

"ಒತ್ತು ತಿದ್ದಿಕೊಡಿ ಮೇಡಂ," ಅಂದು ಹಾಳೆ ನನ್ನ ಮುಂದೆ ಇಟ್ಟರು. ತಿದ್ದಿಕೊಟ್ಟೆ. ನಾನು ತಿದ್ದಿದ ಕನ್ನಡದಲ್ಲೆಲ್ಲ ಅಷ್ಟು ಒಳ್ಳೆಯ ಕನ್ನಡ ಇನ್ನೊಂದಿಲ್ಲ.

ಹಾಳೆ ಅಂಚೆಗೆ ಹೋಯಿತು. ಗೇಟಿನ ಬೋರ್ಡಿಗೂ ಹತ್ತಿತು.

ಆಮೇಲೇನು, ಎಲ್ಲರೂ ಬಂದು ಅವರ ಬೆನ್ನು ತಟ್ಟಿದರು ಅಂದುಕೊಂಡಿರಾ? ಇಲ್ಲ. ಮುಂದಿನ ಭಾನುವಾರ ಕಾರ್ಖಾನೆಯ ಶೆಡ್ಡಿನಲ್ಲಿ ಷೇರುದಾರರ ಸಭೆ ಕರೆದರು. ಬೆಂಚು ಸಾಲದೆ ಜನ ಉಕ್ಕಿನ ತಗಡಿನ ರಾಶಿಯ ಮೇಲೆ ಕೂತರು. ಕೂಗಾಟವೋ ಕೂಗಾಟ. ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರೊಬ್ಬರು ಎದ್ದು, "ನನ್ನ ದುಡ್ಡು ನನಗೆ ಕೊಡಿ" ಅಂದರು. ಇನ್ನೊಬ್ಬರು, "ಇದನ್ನೆಲ್ಲ ಹೇಳಿ ಷೇರಿನ ಬೆಲೆ ನೀವೇ ಇಳಿಸಿದಿರಿ, ಬಾಯಿ ಮುಚ್ಕೊಂಡು ರಿಪೇರಿ ಮಾಡೋಕೆ ಆಗ್ತಿರ್ಲಿಲ್ವಾ?" ಅಂತ ಚನ್ನಬಸವಯ್ಯನವರ ಮೇಲೆಯೇ ಎಗರಿದರು. (ನಿಜ ಹೇಳಿದವನಿಗೆ ಮೊದಲ ಪೆಟ್ಟು. ಎಲ್ಲಾ ಸಭೆಯಲ್ಲೂ ಇದೇ ಅಲ್ಲವೇ?) ಅವರು ಲೆಕ್ಕದ ಪುಸ್ತಕ ಎದೆಗೆ ಒತ್ತಿಕೊಂಡು ನಿಂತಿದ್ದರು. ತಲೆ ತಗ್ಗಿಸಲಿಲ್ಲ.

ಹಿಂದಿನಿಂದ ಮುನಿತಾಯಮ್ಮ ಎದ್ದಳು.

"ಸುಮ್ಕೆ ಕಿರುಚ್ಕಂಡ್ರೆ ಏನಾಯ್ತದೆ? ಆ ಬೀರುಗಳು ಎಲ್ಲವೆ, ಮೊದ್ಲು ತೋರ್ಸಿ."

ಎಲ್ಲರೂ ಹೊರಗೆ ನಡೆದೆವು. ಅವಳು ಒಂದು ಡ್ರಾಯರಿನೊಳಗೆ ಬೆರಳು ಎಳೆದು ನೋಡಿದಳು. ಬೆರಳು ಕೆಂಪಾಯಿತು. ಪಕ್ಕದಲ್ಲಿ ಇಬ್ಬರು ಕೆಲಸಗಾರರು ಮರಳು ಕಾಗದದಿಂದ ತುಕ್ಕು ಉಜ್ಜುತ್ತಿದ್ದರು. ದಿನಕ್ಕೆ ಎಷ್ಟು ಆಗುತ್ತದೆ ಅಂತ ಅವರನ್ನು ಕೇಳಿದಳು. ಎರಡು ಅಂದರು. ಆಮೇಲೆ ವರದರಾಜು ಕಡೆ ತಿರುಗಿದಳು.

"ಇವನ್ನ ಉಜ್ಜಿ ಮಾರ್ತೀರಿ, ಆಯ್ತು. ಮುಂದಿನ್ ಮಳೆಗೆ ಏನ್ ಮಾಡ್ತೀರಿ?"

ಅಷ್ಟು ಹೊತ್ತಿನ ಕೂಗಾಟದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ವರದರಾಜು ಮೊದಲ ಸಲ ತಲೆ ಎತ್ತಿ, ಬಣ್ಣ ಕಾಯಿಸುವ ದೊಡ್ಡ ಮಷೀನು ಯಾಕೆ ಬೇಕು, ಅದಕ್ಕೆ ಏನು ಖರ್ಚು, ಅದು ಇಲ್ಲದಿದ್ದರೆ ಯಾವ ಆರ್ಡರು ಬಿಡಬೇಕಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಿದರು. ಜನ ಕೇಳಿದರು. ಇನ್ನೂ ಮುಚ್ಚಿಟ್ಟದ್ದು ಇದೆಯೇನೋ ಅಂತ ಹುಡುಕುವ ಅಗತ್ಯ ಇರಲಿಲ್ಲವಲ್ಲ, ಅದಕ್ಕೆ ಕೇಳಿದರು.

ಹೊಸ ಷೇರುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೋದವು, ಅಷ್ಟೇ. ಹೊಸ ಮಷೀನಿನ ಬದಲು ಸೆಕೆಂಡ್‌ಹ್ಯಾಂಡ್ ಒಂದು ಬಂತು. ಹೆಡ್‌ಮಾಸ್ಟರು ತಮ್ಮ ಷೇರು ಇನ್ನೊಬ್ಬರಿಗೆ ಮಾರಿದರು. ಮುನಿತಾಯಮ್ಮ ಇದ್ದ ಷೇರು ಮಾರಲಿಲ್ಲ, ಹೊಸದು ಒಂದೂ ತಗೊಳ್ಳಲಿಲ್ಲ. ಪೋಸ್ಟಾಫೀಸಿನ ದುಡ್ಡು ತೆಗೆದು ಬಾವಿಗೆ ಹಾಕಿದಳು. "ಕಾರ್ಖಾನೆ ಮ್ಯಾಲೆ ಸಿಟ್ಟಿಲ್ಲ ಕಣವ್ವ, ಎಲ್ಡೂ ಒಂದೇ ಕಡೆ ಯಾಕಿಕ್ಲಿ?" ಅಂದಳು. ಗೊತ್ತಿದ್ದು ಮಾಡುವ ತೀರ್ಮಾನಕ್ಕೆ ಒಂದು ನೆಮ್ಮದಿ ಇರುತ್ತದೆ ನೋಡಿ.

ಡಿಸೆಂಬರಿಗೆ ಮುಗಿದ ಮೂರು ತಿಂಗಳ ಹಾಳೆ ಮೊನ್ನೆ ಅಂಚೆಯಲ್ಲಿ ಬಂತು. ಈ ಸಲವೂ ನಷ್ಟ, ಮೊದಲಿನಷ್ಟಿಲ್ಲ. ಅರವತ್ತರಲ್ಲಿ ನಲವತ್ತೆರಡು ಬೀರು ಮಾರಾಟವಾಗಿವೆ, ಕಡಿಮೆ ಬೆಲೆಗೆ. ಉಳಿದವು ಗುಜರಿಗೆ. ಎಲ್ಲವೂ ಹಾಳೆಯಲ್ಲಿದೆ. ಓದಲು ಖುಷಿ ಕೊಡುವ ಕಾಗದವಂತೂ ಅಲ್ಲ. ಆದರೂ ನಾನು ಅದನ್ನು ಎರಡು ಸಲ ಓದಿದೆ.

ಊಟಕ್ಕೆ ಕೂತಾಗ ಯಜಮಾನರಿಗೂ ಓದಲು ಕೊಟ್ಟೆ. ಅವರು ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕೆಳಗಿಟ್ಟರು.

"ನೀನೇ ಓದೇ."

"ಯಾಕ್ರೀ, ಕನ್ನಡಕ ಎಲ್ಲಿ?"

ಸ್ವಲ್ಪ ಹೊತ್ತು ಅನ್ನ ಕಲಸುತ್ತಾ ಕೂತರು. "ಕನ್ನಡಕದ್ದಲ್ಲ. ಬಲಗಣ್ಣು ಮಂಜಾಗಿದೆ. ಆರು ತಿಂಗಳಾಯ್ತು. ಆಫೀಸಲ್ಲಿ ಪಕ್ಕದವರು ಓದಿ ಹೇಳ್ತಾರೆ, ನಾನು ಬರ್ಕೋತೀನಿ."

"ಆರು ತಿಂಗಳು! ನನಗ್ಯಾಕೆ ಹೇಳ್ಲಿಲ್ಲ?"

"ಯುಗಾದಿ ಕಳೀಲಿ ಅಂತಿದ್ದೆ. ನೀನು ಸುಮ್ನೆ ಗಾಬರಿ ಬೀಳ್ತೀಯಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡಿದ್ದವರು ಅವರೊಬ್ಬರೇ ಏನು? ನಮ್ಮ ತಮ್ಮ ಪರೀಕ್ಷೆಯಲ್ಲಿ ಫೇಲಾದದ್ದನ್ನು ನಾನು ಅಮ್ಮನಿಗೆ ದೀಪಾವಳಿ ಕಳೆದ ಮೇಲೆ ಹೇಳಿದ್ದೆ. ಹೊಸ ಬಟ್ಟೆ ಉಟ್ಟು, ಪಟಾಕಿ ಹೊಡೆದು, ಕಜ್ಜಾಯ ತಿಂದು ಆದ ಮೇಲೆ. ಅಷ್ಟರಲ್ಲಿ ಮತ್ತೆ ಪರೀಕ್ಷೆಗೆ ಕಟ್ಟುವ ತಾರೀಕೂ ದಾಟಿತ್ತು. ಅಮ್ಮನ ಮನಸ್ಸಿಗೆ ನೋವಾಗಬಾರದು ಅನ್ನುವ ಪ್ರೀತಿಯೇ ಅದು. ಅಲ್ಲ ಅನ್ನುವುದಿಲ್ಲ. ಆದರೆ ಆ ಪ್ರೀತಿಯಿಂದ ತಮ್ಮನಿಗೆ ಒಂದು ವರ್ಷ ಹೋಯಿತು.

ಮಾರನೇ ದಿನವೇ ರಜೆ ಹಾಕಿ ಯಜಮಾನರನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಪೊರೆ ಬಂದಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಅಂದರು ಡಾಕ್ಟರು. "ಸ್ವಲ್ಪ ಮೊದಲೇ ತೋರ್ಸಿದ್ರೆ ಇಷ್ಟು ದಿನ ಒದ್ದಾಡೋದು ತಪ್ತಿತ್ತಲ್ಲ?" ಅಂತಲೂ ಕೇಳಿದರು.

ನಾವು ನಮ್ಮವರಿಗೆ ಕೆಟ್ಟ ಸುದ್ದಿ ಹೇಳುವುದು ಯಾವಾಗ: ಅದು ಅವರ ಉಪಯೋಗಕ್ಕೆ ಬರುವ ಹೊತ್ತಿಗೋ, ಹೇಳಲು ನಮಗೆ ಅನುಕೂಲವಾದ ಹೊತ್ತಿಗೋ?